ಎಚ್‌ಐವಿ ಚಿಕಿತ್ಸೆ: ಹೆಣ್ಣುಮಕ್ಕಳ ಪರ ಕೇಳುವುದು ಹೇಗೆ?

ಪ್ರಶ್ನೆ: ನಮ್ಮ ಮಹಿಳಾ ಸಂಘದಲ್ಲಿ ಎಚ್‌ಐವಿ ಇರುವ ಕೆಲವರಿದ್ದಾರೆ. ಒಬ್ಬರಿಗೆ ‘ನಿಮಗಿನ್ನೂ ಮಕ್ಕಳಾಗುವ ವಯಸ್ಸು’ ಎಂದು ಎಚ್‌ಐವಿಯ ಡೊಲುಟೆಗ್ರಾವಿರ್ ಮಾತ್ರೆ ಕೊಡುತ್ತಿಲ್ಲ. ಅದೇ ಮಾತ್ರೆ ನುಂಗುತ್ತಿರುವ ಇನ್ನೊಬ್ಬರು ಬಸುರಿ. ಒಂದು ದಿನವೂ ತಪ್ಪಿಸಿಲ್ಲ, ಆದರೂ ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ) ಇಳಿದಿಲ್ಲವೆಂದು ಬೈಸಿಕೊಂಡು ಬಂದಿದ್ದಾರೆ. ಇವರ ಪರವಾಗಿ ಹೇಗೆ ಮಾತಾಡುವುದು?

ಉತ್ತರ: ಮೊದಲನೆಯವರಿಗೆ ಹೇಳಿರುವುದು ಹಳೆಯ ಮಾತು. 2018ರ ಮೇ ತಿಂಗಳಲ್ಲಿ ಆಫ್ರಿಕಾದ ಬೋಟ್ಸ್ವಾನಾ ದೇಶದ ಅಧ್ಯಯನವೊಂದರಲ್ಲಿ, ಗರ್ಭ ಕಟ್ಟುವ ಹೊತ್ತಿಗೆ ಈ ಔಷಧಿ ನುಂಗುತ್ತಿದ್ದ ತಾಯಂದಿರ 426 ಶಿಶುಗಳ ಪೈಕಿ 4ರಲ್ಲಿ ನರನಾಳದ ದೋಷ (ಮಿದುಳು, ಬೆನ್ನುಹುರಿ ಸರಿಯಾಗಿ ರೂಪುಗೊಳ್ಳದ ತೊಂದರೆ) ಕಂಡಿತ್ತು. ಹಲವು ಕಡೆ ಹೆಂಗಸರಿಗೆ ಔಷಧಿ ತಡೆದರು. ಜುಲೈನಲ್ಲಿ ಎಚ್‌ಐವಿ ಇರುವ ಆಫ್ರಿಕಾದ ಮಹಿಳೆಯರು ರುವಾಂಡಾದ ರಾಜಧಾನಿ ಕಿಗಾಲಿಯಲ್ಲಿ ಸೇರಿ, ಅಪಾಯವೇನೆಂದು ತಿಳಿಸಿ, ಆಯ್ಕೆ ನಮಗೆ ಬಿಡಿ ಎಂದು ಪಟ್ಟು ಹಿಡಿದರು. ಮುಂದೆ ಹೆಚ್ಚು ಹೆರಿಗೆಗಳ ಲೆಕ್ಕ ಸಿಕ್ಕಂತೆ ಅಪಾಯದ ಅಂದಾಜು ಇಳಿಯಿತು. 2019ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಮಕ್ಕಳಾಗುವ ವಯಸ್ಸಿನವರಿಗೂ ಇದೇ ಮೊದಲ ಆಯ್ಕೆ ಎಂದಿತು. ಆ ಶಿಫಾರಸಿನ ಪ್ರತಿ ಕೈಯಲ್ಲಿರಲಿ. ‘ದಯವಿಟ್ಟು ಕೊಡಿ’ ಅನ್ನಬೇಡಿ. ‘ಯಾಕೆ ಕೊಡುತ್ತಿಲ್ಲ, ಬರೆದುಕೊಡಿ’ ಅನ್ನಿ. ಬರೆದುಕೊಡಬೇಕಾಗಿ ಬಂದಾಗ ಎಷ್ಟೋ ಕಾರಣಗಳು ಕರಗಿಬಿಡುತ್ತವೆ.

ಎರಡನೆಯವರನ್ನು ಬೈಯುವ ಮೊದಲು ಕಬ್ಬಿಣದ ಮಾತ್ರೆ ಯಾವಾಗ ನುಂಗುತ್ತೀರಿ ಎಂದು ಕೇಳಬೇಕಿತ್ತು. ಬಸುರಿಯರಿಗೆ ಕಬ್ಬಿಣ, ಕ್ಯಾಲ್ಸಿಯಂ ಕೊಟ್ಟೇ ಇರುತ್ತಾರೆ. ಖಾಲಿ ಹೊಟ್ಟೆಯಲ್ಲಿ ಎಲ್ಲವನ್ನೂ ಒಟ್ಟಿಗೆ ನುಂಗಿದರೆ ಅವು ಡೊಲುಟೆಗ್ರಾವಿರ್‌ಗೆ ಅಂಟಿಕೊಂಡು ಅದನ್ನು ಪೂರ್ತಿಯಾಗಿ ರಕ್ತಕ್ಕೆ ಸೇರಗೊಡುವುದಿಲ್ಲ. ಅವಕ್ಕಿಂತ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ಡೊಲುಟೆಗ್ರಾವಿರ್ ನುಂಗಬೇಕು. ಅಷ್ಟು ಲೆಕ್ಕ ಕಷ್ಟವೆಂದರೆ ಊಟದ ಜೊತೆ ಎಲ್ಲವನ್ನೂ ಒಟ್ಟಿಗೇ ನುಂಗಬಹುದು. ಅಲ್ಯೂಮಿನಿಯಂ, ಮೆಗ್ನೀಷಿಯಂ ಇರುವ ಆಸಿಡಿಟಿ ಔಷಧಿಗೆ ಮಾತ್ರ ಈ ಊಟದ ರಿಯಾಯಿತಿ ಇಲ್ಲ. ವೇಳೆ ಸರಿಪಡಿಸಿಕೊಂಡು ವೈರಲ್ ಲೋಡ್ ಮತ್ತೆ ಪರೀಕ್ಷೆಯಾಗಲಿ ಎಂದು ಒತ್ತಾಯಿಸಿ. ಹೆರಿಗೆ ಹತ್ತಿರವಿದ್ದರೆ ತಡ ಬೇಡ. ಮಗುವಿಗೆ ಯಾವ ಔಷಧಿ ಎಂಬುದು ಆ ಫಲಿತಾಂಶವನ್ನೂ ನೋಡಿಕೊಂಡೇ ತೀರ್ಮಾನವಾಗುತ್ತದೆ. ಹೆರಿಗೆಯಾಯಿತೆಂದು ಮಾತ್ರೆ ನಿಲ್ಲಿಸುವಂತಿಲ್ಲ.

ಸಂಘದಲ್ಲಿ ಒಂದು ಪುಸ್ತಕವಿಡಿ: ತಾರೀಕು, ಕೇಳಿದ್ದೇನು, ಸಿಕ್ಕ ಉತ್ತರ, ಎಷ್ಟು ದಿನದ ಮಾತ್ರೆ ಕೊಟ್ಟರು. ಹೆಸರು ಬೇಡ, ಸಂಖ್ಯೆ ಸಾಕು. ಒಮ್ಮೆ ಒಪ್ಪಿದವರನ್ನೂ ಪ್ರತಿ ಸಲ ಕೇಳಿಯೇ ಅವರ ವಿಷಯ ಎತ್ತಿ. ಚಿಕಿತ್ಸೆಯಲ್ಲಿ ನೆಲೆನಿಂತವರಿಗೆ 3ರಿಂದ 6 ತಿಂಗಳ ಮಾತ್ರೆ ಒಟ್ಟಿಗೆ ಕೇಳಿ. ಮನೆಯಲ್ಲಿ ಹೇಳದೆ ಬರುವವರಿಗೆ ಒಂದೊಂದು ಓಡಾಟವೂ ಒಂದೊಂದು ಸುಳ್ಳು. ಡಬ್ಬಿ ಗಲಗಲ ಅನ್ನುತ್ತದೆಂದು ಮಾತ್ರೆಗಳನ್ನು ಕಾಗದದಲ್ಲಿ ಸುತ್ತಿಡುವವರೂ ಇದ್ದಾರೆ. ಹಾಗಿಟ್ಟರೆ ತೇವ ತಾಗುತ್ತದೆ. ಡಬ್ಬಿಯಲ್ಲೇ ಇರಲಿ, ಮೇಲೆ ಒಂದಿಷ್ಟು ಒಣ ಹತ್ತಿ ತುರುಕಿದರೆ ಸದ್ದಾಗದು.