ಗೋಲ್ಡಿನ್ ಬಗ್ಗೆ ನಿಮ್ಮ ಮಗಳು ಹೇಳಿದ್ದು ನಿಜ

ಮೈಕ್ರೋಬಯಾಲಜಿ ಓದುತ್ತಿರುವ ಮಗಳು 'ಅರ್ಥಶಾಸ್ತ್ರಕ್ಕೆ ಹೋಗ್ತೀನಿ, ಕ್ಲಾಡಿಯಾ ಗೋಲ್ಡಿನ್ ಕೂಡ ಹಾಗೇ ಮಾಡಿದ್ದು' ಅಂತಾಳೆ, ನಿಜವಾ ಅಂತ ಕೇಳಿದ್ದೀರಿ. ನಿಜ. ಅಮೆರಿಕದ ಈ ಅರ್ಥಶಾಸ್ತ್ರಜ್ಞೆ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಸೇರಿದ್ದು ಮೈಕ್ರೋಬಯಾಲಜಿ ಓದೋಕೆ, ಅಲ್ಲಿ ಅರ್ಥಶಾಸ್ತ್ರದ ಪ್ರೊಫೆಸರ್ ಆಲ್ಫ್ರೆಡ್ ಕಾನ್ ಅವರ ಪಾಠ ಕೇಳಿ ಮನಸ್ಸು ಬದಲಾಯಿತು. 1972ರಲ್ಲಿ ಷಿಕಾಗೊದಲ್ಲಿ ಪಿಎಚ್‌ಡಿ ಮುಗಿಸಿದರು. ಆಗ ಬರೆದದ್ದು ಹೆಂಗಸರ ಬಗ್ಗೆ ಅಲ್ಲ, ಅಮೆರಿಕದ ದಕ್ಷಿಣದ ಪಟ್ಟಣಗಳ ಗುಲಾಮಗಿರಿ ಬಗ್ಗೆ.

ಹೆಂಗಸರ ದುಡಿಮೆ ಆಮೇಲೆ ಬಂತು, ನನಗೆ ಜಾಸ್ತಿ ಇಷ್ಟ ಅವರ ಆ ಪತ್ತೇದಾರಿ ಕೆಲಸವೇ. ಅಮೆರಿಕದ ಹಳೇ ಜನಗಣತಿಯಲ್ಲಿ ಮದುವೆಯಾದವರ ಮುಂದೆ ಸುಮ್ನೆ 'ಹೆಂಡತಿ' ಅಂತ ಬರೆದುಬಿಡುತ್ತಿದ್ದರು, ಹೊಲದಲ್ಲೋ ಮನೆಯ ವ್ಯಾಪಾರದಲ್ಲೋ ಬೆವರು ಸುರಿಸಿದ್ದು ಲೆಕ್ಕಕ್ಕೇ ಇಲ್ಲ (ನಮ್ಮ ಅಜ್ಜಿಯಂದಿರ ಕಥೆಯೂ ಅದೇ ಅಲ್ವಾ). ಗೋಲ್ಡಿನ್ ಬೇರೆ ದಾಖಲೆಗಳನ್ನು ಕೆದಕಿ ಅದನ್ನೆಲ್ಲ ಸೇರಿಸಿದರು. ಆಗ ಕಂಡದ್ದು: ಕಾರ್ಖಾನೆಗಳು ಬಂದಾಗ ಮದುವೆಯಾದ ಹೆಂಗಸರ ದುಡಿಮೆ ಇಳಿಯಿತು, 20ನೇ ಶತಮಾನದಲ್ಲಿ ಮತ್ತೆ ಏರಿತು, ಇಂಗ್ಲಿಷ್‌ನ ಯು ಅಕ್ಷರದ ಹಾಗೆ. ಈಗಿನ ಸಂಬಳದ ಅಂತರ ಬಹುಪಾಲು ಮೊದಲ ಮಗು ಹುಟ್ಟಿದ ಮೇಲೆ ಶುರುವಾಗುತ್ತದೆ ಅಂತಲೂ ತೋರಿಸಿದರು.

ಹಾರ್ವರ್ಡ್ ಅರ್ಥಶಾಸ್ತ್ರ ವಿಭಾಗದಲ್ಲಿ ಕಾಯಂ ಹುದ್ದೆ ಪಡೆದ ಮೊದಲ ಮಹಿಳೆ ಅವರೇ. 2023ರ ಅರ್ಥಶಾಸ್ತ್ರದ ನೊಬೆಲ್ ಕೂಡ ಒಬ್ಬರಿಗೇ ಬಂತು, ಯಾರ ಜೊತೆಗೂ ಹಂಚಿಕೊಳ್ಳದೆ. ಮಗಳಿಗೆ ಇತಿಹಾಸವೂ ಇಷ್ಟವಾ? ಹಾಗಿದ್ದರೆ ಧೈರ್ಯವಾಗಿ ಕಳಿಸಿ, ಆದರೆ ಗಣಿತ ಮಾತ್ರ ಬಿಡಬೇಡ ಅಂತ ಹೇಳಿ.