‘ಅಂತೆ’ಯನ್ನು ಅಳಿಸಬೇಡಿ

ಪ್ರಿಯರೇ,

‘ಯಂತ್ರಗಳ ಗುಟ್ಟಿನ ಭಾಷೆ’ ಎಂಬ ನಿಮ್ಮ ಪ್ರಬಂಧವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಕಾರಣ ಮೊದಲ ಪುಟದಲ್ಲೇ ಇದೆ: ‘ಫೇಸ್‌ಬುಕ್‌ನ ಎರಡು ಚಾಟ್‌ಬಾಟ್‌ಗಳು ತಮ್ಮದೇ ಭಾಷೆ ಕಟ್ಟಿಕೊಂಡವು, ಬೆಚ್ಚಿಬಿದ್ದ ವಿಜ್ಞಾನಿಗಳು ಸ್ವಿಚ್ ಆರಿಸಿದರು.’

ನಡೆದದ್ದು ಬೇರೆ. 2017ರಲ್ಲಿ ಆ ಕಂಪನಿಯ ಸಂಶೋಧಕರು ಪುಸ್ತಕ, ಟೋಪಿ, ಚೆಂಡುಗಳನ್ನು ಚೌಕಾಸಿ ಮಾಡಿ ಹಂಚಿಕೊಳ್ಳುವುದನ್ನು ಬಾಟ್‌ಗಳಿಗೆ ಕಲಿಸುತ್ತಿದ್ದರು. ವ್ಯಾಪಾರ ಕುದುರಿಸಿದರೆ ಅಂಕವಿತ್ತು, ಸರಿಯಾದ ಇಂಗ್ಲಿಷ್ ಆಡಿದರೆ ಇರಲಿಲ್ಲ. ಹಾಗಾಗಿ ಬಾಟ್‌ಗಳನ್ನು ಎದುರುಬದುರು ಬಿಟ್ಟಾಗ ವ್ಯಾಕರಣ ಕಳಚಿಬಿತ್ತು. ಒಂದು ಬಾಟ್ ‘ನನಗೆ ನನಗೆ ನನಗೆ’ ಎಂದು ಒಂದೇ ಮಾತನ್ನು ಸಾಲುದ್ದಕ್ಕೂ ಹೇಳತೊಡಗಿತು. ಒಂದು ಪದವನ್ನು ಐದು ಸಲ ಹೇಳಿದರೆ ‘ಐದು ಬೇಕು’ ಎಂದಾಗುವಂತಹ ರೂಢಿ ಹೀಗೆ ಬೆಳೆಯಬಹುದೆಂದು ಸಂಶೋಧಕರೇ ವಿವರಿಸಿದರು. ಜನರೊಂದಿಗೆ ಮಾತಾಡುವ ಬಾಟ್ ಬೇಕಿತ್ತು. ಆದ್ದರಿಂದ ತರಬೇತಿಯ ಕ್ರಮ ಬದಲಿಸಿದರು, ಅಷ್ಟೆ. ಭಯದ ರೆಕ್ಕೆಪುಕ್ಕ ಹುಟ್ಟಿದ್ದು ಸುದ್ದಿಯ ತಲೆಬರಹಗಳಲ್ಲಿ.

ಈಗ ನಿಮ್ಮ ಮೂರನೆಯ ಪುಟಕ್ಕೆ ಬರುತ್ತೇನೆ. ದನದ ಜಾತ್ರೆಯಲ್ಲಿ ದಲ್ಲಾಳಿಯಾಗಿದ್ದ ನಿಮ್ಮ ಸೋದರಮಾವ ಜಗಲಿಯಲ್ಲಿ ಕುಳಿತು ಇದೇ ಕಥೆ ಹೇಳುತ್ತಾರೆ: ‘ಆ ಮೆಷಿನ್‌ಗಳೂ ನಮ್ಮ ಹಾಗೆ ಟವೆಲ್ ಕೆಳಗೆ ಮಾತಾಡಿಕೊಂಡವಂತೆ.’ ಇಲ್ಲಿ ನಾನು ಓದುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಟವೆಲಿನ ಅಡಿಯಲ್ಲಿ ಬೆರಳು ಹಿಡಿದು ದರ ಹೇಳುವವರ ಭಾಷೆ ಪಕ್ಕದಲ್ಲಿ ನಿಂತವರಿಗೆ ತಿಳಿಯದು, ಆದರೆ ಅದರಲ್ಲಿ ಪಿತೂರಿ ಇಲ್ಲ, ಇರುವುದು ಲೆಕ್ಕ. ನಿಮ್ಮ ಮಾವ ಪತ್ರಿಕೆಗಳಿಗಿಂತ ನಿಜಕ್ಕೆ ಹತ್ತಿರ ಹೋಗಿದ್ದಾರೆ. ಅವರಿಗೆ ನೀವು ಕೊಟ್ಟದ್ದು ನಾಲ್ಕೇ ಸಾಲು.

ಇನ್ನೊಂದು ಮಾತು. ಅವರು ‘ಮಾತಾಡಿಕೊಂಡವಂತೆ’ ಎನ್ನುತ್ತಾರೆ, ನೀವು ‘ಕಟ್ಟಿಕೊಂಡವು’ ಎಂದು ಬರೆಯುತ್ತೀರಿ. ಕೇಳಿದ್ದು ಯಾವುದು, ಕಂಡದ್ದು ಯಾವುದು ಎಂದು ಕನ್ನಡ ಆ ಎರಡಕ್ಷರದಲ್ಲೇ ಬೇರ್ಪಡಿಸುತ್ತದೆ. ಹಳ್ಳಿಯ ದೆವ್ವದ ಕಥೆಯೂ ‘ಅಂತೆ’ಯಲ್ಲೇ ಬಾಳಿದೆ. ಅದನ್ನು ಅಳಿಸಿದ ಕ್ಷಣ ಜನಪದ ಕಥೆ ಸುಳ್ಳು ಸುದ್ದಿಯಾಗುತ್ತದೆ. ಬುದ್ಧಿವಂತ ಯಂತ್ರಗಳ ಬಗ್ಗೆ ಜನ ಹೇಳಿಕೊಳ್ಳುವ ಕಥೆಗಳನ್ನು ನೀವು ಬರೆಯಲೇಬೇಕು, ಕಥೆಗಳೆಂದೇ ಬರೆಯಬೇಕು: ಯಾರು ಹೇಳಿದರು, ಕೇಳಿದವರು ಎಲ್ಲಿ ಹೆದರಿದರು, ಮಾವನಿಗೆ ಟವೆಲೇ ಏಕೆ ನೆನಪಾಯಿತು.

ಮೊದಲೆರಡು ಪುಟ ಬಿಟ್ಟುಬಿಡಿ. ಜಗಲಿಯಿಂದ ಶುರು ಮಾಡಿ ಮತ್ತೆ ಕಳುಹಿಸಿ; ಕಾಯುತ್ತಿರುತ್ತೇನೆ. ಅವರು ಕೊನೆಯದಾಗಿ ಕುದುರಿಸಿದ ಆ ಜೋಡಿ ಎತ್ತು ಎಷ್ಟಕ್ಕೆ ಹೋದವು ಎಂಬುದನ್ನೂ ಕೇಳಿ ಬರೆಯಿರಿ.

ಸಂಪಾದಕ