ಕೈ ನೋವಿರುವವರಿಗೆ ಇಂಗ್ಲೆಂಡಿನ ಅಡುಗೆಮನೆ: ಏನನ್ನು ಕೊಳ್ಳಬಹುದು, ಏನನ್ನು ಮನೆಯಲ್ಲೇ ಮಾಡಬೇಕು

ರೆಡಿಂಗ್‌ಗೆ ಬಂದು ಮೂರು ತಿಂಗಳಾಗಿದೆ, ಬೆರಳು ಮತ್ತು ಮಣಿಕಟ್ಟಿನ ಸಂಧಿವಾತದಿಂದಾಗಿ ಈರುಳ್ಳಿ ಹೆಚ್ಚುವುದು, ತೆಂಗಿನಕಾಯಿ ತುರಿಯುವುದು, ಚಪಾತಿ ಹಿಟ್ಟು ನಾದುವುದು ದುಸ್ತರವಾಗಿದೆ, ಊರಿನಲ್ಲಾದರೆ ಕೆಲಸಕ್ಕೆ ಬರುವವರಿದ್ದರು, ಇಲ್ಲಿ ಯಾರೂ ಇಲ್ಲ ಎಂದು ನೀವು ಬರೆದಿದ್ದೀರಿ. ಇಲ್ಲಿ ಸಿಗುವ ಸಿದ್ಧ ಪದಾರ್ಥಗಳಿಂದ ದಿನನಿತ್ಯದ ನಮ್ಮ ಅಡುಗೆಯನ್ನು ಮಾಡಿಕೊಳ್ಳಲು ಸಾಧ್ಯವೇ, ಮುಂದಿನ ತಿಂಗಳು ಊರಿನಿಂದ ಬರಲಿರುವ ನಿಮ್ಮ ಅತ್ತೆಯವರು ಅದನ್ನು ಮನೆಯ ಅಡುಗೆಯೆಂದು ಒಪ್ಪುವರೇ ಎಂಬುದು ನಿಮ್ಮ ಪ್ರಶ್ನೆ. ಸಾಧ್ಯವಿದೆ. ಅತ್ತೆಯವರೂ ಒಪ್ಪುತ್ತಾರೆಂದೇ ನನ್ನ ನಂಬಿಕೆ. ಆದರೆ ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಚನೆ ಬೇಕು.

ನಮ್ಮ ಅಡುಗೆಯಲ್ಲಿ ಎರಡು ಬಗೆಯ ಕೆಲಸಗಳಿವೆ. ಸುಲಿಯುವುದು, ಹೆಚ್ಚುವುದು, ತುರಿಯುವುದು, ನಾದುವುದು, ಹುಣಿಸೆಹಣ್ಣು ಕಿವುಚುವುದು, ತುಂಬಿದ ಕುಕ್ಕರನ್ನು ಎತ್ತಿ ಇಳಿಸುವುದು, ಇವೆಲ್ಲ ಕೈಯ ಬಲದಿಂದ ಆಗುವಂಥವು. ಸಾರಿಗೆ ಹುಳಿ ಎಷ್ಟು ಬೇಕು, ಗೊಜ್ಜಿಗೆ ಬೆಲ್ಲ ಎಷ್ಟು ಹಿಡಿಯುತ್ತದೆ, ಒಗ್ಗರಣೆಗೆ ಇಂಗು ಯಾವ ಗಳಿಗೆಯಲ್ಲಿ ಬೀಳಬೇಕು, ಪಲ್ಯವನ್ನು ಯಾವಾಗ ಇಳಿಸಬೇಕು, ಇವು ನಾಲಿಗೆ, ಮೂಗು ಮತ್ತು ವರ್ಷಗಳ ಅಭ್ಯಾಸದಿಂದ ತಿಳಿಯುವಂಥವು. ಮೊದಲನೆಯ ಬಗೆಯ ಕೆಲಸವನ್ನು ಸಂಕೋಚವಿಲ್ಲದೆ ಅಂಗಡಿಗೆ ಒಪ್ಪಿಸಿ, ಎರಡನೆಯದನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ಪೂರ್ತಿ ಬೆಂದು ಬಿಸಿ ಮಾಡುವುದಷ್ಟೇ ಉಳಿದಿರುವ ಊಟದ ಪೊಟ್ಟಣಕ್ಕಿಂತ, ಹೆಚ್ಚಿ, ತುರಿದು, ಬೇಯಿಸಿ ಕೊಟ್ಟ ಸಾಮಗ್ರಿಗಳನ್ನೇ ನಾನು ಯಾವಾಗಲೂ ಮೇಲೆಂದು ಎಣಿಸುತ್ತೇನೆ, ಏಕೆಂದರೆ ಆಗ ರುಚಿಯ ನಿರ್ಧಾರ ನಿಮ್ಮದಾಗಿಯೇ ಉಳಿಯುತ್ತದೆ.

ಮೊದಲು ನೋಡಬೇಕಾದದ್ದು ಸೂಪರ್‌ಮಾರ್ಕೆಟ್ಟಿನ ಫ್ರೀಜರ್ ಸಾಲು. ಟೆಸ್ಕೊ, ಆಸ್ಡಾ, ಸೇನ್ಸ್‌ಬರೀಸ್, ಐಸ್‌ಲ್ಯಾಂಡ್ ಮುಂತಾದ ಅಂಗಡಿಗಳಲ್ಲಿ ಸಣ್ಣಗೆ ಹೆಚ್ಚಿದ ಫ್ರೋಜನ್ ಈರುಳ್ಳಿ ಸಿಗುತ್ತದೆ. ಅದನ್ನು ಕರಗಿಸದೆ ನೇರವಾಗಿ ಬಿಸಿ ಎಣ್ಣೆಗೆ ಹಾಕಬೇಕು. ಒಳಗಿನ ನೀರು ಆರುವವರೆಗೆ ಹಸಿ ಈರುಳ್ಳಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ, ಬಣ್ಣವೂ ಅಷ್ಟು ಚೆನ್ನಾಗಿ ಬರುವುದಿಲ್ಲ. ಹುಳಿ, ಸಾಗು, ಉಪ್ಪಿಟ್ಟಿಗೆ ಏನೂ ಕೊರತೆಯಾಗದು, ಆದರೆ ಮೊಸರುಬಜ್ಜಿಗೆ ಅದು ಸಲ್ಲದು. ಪುಟ್ಟ ಉಂಡೆಗಳಾಗಿ ಬರುವ ಫ್ರೋಜನ್ ಪಾಲಕ್ ಮಸ್ಸೊಪ್ಪಿಗೂ ಸೊಪ್ಪಿನ ಹುಳಿಗೂ ಅತ್ಯಂತ ಅನುಕೂಲ, ಏಕೆಂದರೆ ಸೊಪ್ಪು ಬಿಡಿಸುವ, ತೊಳೆಯುವ, ಹೆಚ್ಚುವ ಮೂರೂ ಕೆಲಸಗಳು ಒಮ್ಮೆಗೇ ತಪ್ಪುತ್ತವೆ. ಬಟಾಣಿ, ಬೀನ್ಸ್, ಕ್ಯಾರೆಟ್ ಬೆರೆತ ತರಕಾರಿಯ ಚೀಲವೊಂದಿದ್ದರೆ ಬಿಸಿಬೇಳೆ ಭಾತ್‌ಗೆ ಚಾಕು ಮುಟ್ಟಬೇಕಾಗಿಲ್ಲ. ತರಕಾರಿಯನ್ನು ಕೊಯ್ದ ಸ್ವಲ್ಪ ಹೊತ್ತಿನಲ್ಲೇ ಹೆಪ್ಪುಗಟ್ಟಿಸುವುದರಿಂದ ಅದರ ಸತ್ವ ಬಹುಮಟ್ಟಿಗೆ ಉಳಿಯುತ್ತದೆ; ಫ್ರಿಜ್ಜಿನಲ್ಲಿ ವಾರಗಟ್ಟಲೆ ಬಾಡಿದ ತಾಜಾ ತರಕಾರಿಗಿಂತ ಅದು ಕಡಿಮೆಯೇನಲ್ಲ.

ಹೆಚ್ಚಿಟ್ಟ ತಾಜಾ ತರಕಾರಿಯ ಪೊಟ್ಟಣಗಳೂ ಇವೆ. ಅವು ದುಬಾರಿ, ಬೇಗ ಕೆಡುತ್ತವೆ. ಆದ್ದರಿಂದ ಬಹಳ ಗಟ್ಟಿಯಾದವುಗಳಿಗೆ ಮಾತ್ರ ಅವನ್ನು ಕೊಳ್ಳಿ. ಬಟರ್‌ನಟ್ ಸ್ಕ್ವಾಷ್ ನಮ್ಮ ಸಿಹಿಗುಂಬಳದ ಹುಳಿಗೆ ಚೆನ್ನಾಗಿ ಒಗ್ಗುತ್ತದೆ, ಆದರೆ ನೋವಿರುವ ಕೈಯಿಂದ ಅದನ್ನು ಸೀಳುವುದು ಅಪಾಯ. ಅದನ್ನು ಹೋಳುಗಳಾಗಿಯೇ ತನ್ನಿ.

ಎರಡನೆಯದು ಏಷ್ಯನ್ ಅಂಗಡಿ. ರೆಡಿಂಗ್‌ನಿಂದ ಎಲಿಜಬೆತ್ ಲೈನ್ ರೈಲು ಭಾರತೀಯ ಅಂಗಡಿಗಳು ತುಂಬಿರುವ ಸೌತಾಲ್‌ಗೆ ನೇರವಾಗಿ ಹೋಗುತ್ತದೆ. ಲಂಡನ್ನಿನ ಟೂಟಿಂಗ್ ಮತ್ತು ಈಸ್ಟ್ ಹ್ಯಾಮ್‌ಗಳಲ್ಲಿ ದಕ್ಷಿಣ ಭಾರತದ ಸಾಮಾನು ಇನ್ನೂ ಹೆಚ್ಚು ಸಿಗುತ್ತದೆ. ಇಂಥ ಅಂಗಡಿಗಳ ಫ್ರೀಜರಿನಲ್ಲಿ ತುರಿದ ತೆಂಗಿನಕಾಯಿ, ಹೆಚ್ಚಿದ ಬೆಂಡೆಕಾಯಿ, ನುಗ್ಗೆಕಾಯಿ, ಜಜ್ಜಿದ ಶುಂಠಿ ಮತ್ತು ಬೆಳ್ಳುಳ್ಳಿಯ ಪುಟ್ಟ ಬಿಲ್ಲೆಗಳು ದೊರೆಯುತ್ತವೆ. ಗಾಜಿನ ಬಾಟಲಿಯ ಶುಂಠಿ-ಬೆಳ್ಳುಳ್ಳಿ ಪೇಸ್ಟಿಗಿಂತ ಈ ಬಿಲ್ಲೆಗಳನ್ನೇ ಆರಿಸಿಕೊಳ್ಳಿ. ಬಾಟಲಿಯದಕ್ಕೆ ಕೆಡದಿರಲೆಂದು ಹುಳಿಯ ಆಮ್ಲವನ್ನೂ ಉಪ್ಪನ್ನೂ ಸೇರಿಸಿರುತ್ತಾರೆ, ಅದರ ರುಚಿ ಸಾಗುವಿನಲ್ಲಿ ಎದ್ದು ಕಾಣುತ್ತದೆ; ಮೇಲಾಗಿ ಅದರ ಮುಚ್ಚಳ ತಿರುಗಿಸುವುದೇ ನಿಮಗೆ ಒಂದು ಶಿಕ್ಷೆ. ಕರಿಬೇವನ್ನು ಮಾತ್ರ ತಾಜಾ ಕೊಂಡು, ಎಲೆ ಬಿಡಿಸಿ, ಡಬ್ಬಿಯಲ್ಲಿ ಹಾಕಿ ನೀವೇ ಫ್ರೀಜರಿನಲ್ಲಿಡಿ.

ತೆಂಗಿನತುರಿಯ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಸಂಧಿವಾತದ ಕೆಲವು ಬಗೆಗಳಿಗೆ ಇಲ್ಲಿ ಸಾಮಾನ್ಯವಾಗಿ ಕೊಡುವ ಮೆಥೊಟ್ರೆಕ್ಸೇಟ್‌ನಂಥ ಔಷಧಿಗಳು ದೇಹದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತವೆ. ನೀವು ಅಂಥ ಔಷಧಿಯಲ್ಲಿದ್ದರೆ, ಫ್ರೋಜನ್ ತುರಿಯನ್ನು ಹಸಿಯಾಗಿ ಕೋಸಂಬರಿಯ ಮೇಲೆ ಉದುರಿಸಬೇಡಿ. ಹೆಪ್ಪುಗಟ್ಟಿಸುವುದರಿಂದ ರೋಗಾಣುಗಳು ಸಾಯುವುದಿಲ್ಲ, ಬೇಯಿಸಿದರೆ ಸಾಯುತ್ತವೆ. ಹುಳಿಗೋ ಪಲ್ಯಕ್ಕೋ ಹಾಕಿ ಕುದಿಸಿದಾಗ ಭಯವಿಲ್ಲ. ಚಟ್ನಿಗೆ ಬೇಕಾದಾಗ ಮೈಕ್ರೋವೇವ್‌ನಲ್ಲಿ ಹಬೆಯಾಡುವಷ್ಟು ಬಿಸಿ ಮಾಡಿ, ಆರಿಸಿ ರುಬ್ಬಿಕೊಳ್ಳಿ.

ಹುಣಿಸೆಹಣ್ಣಿನ ಗಟ್ಟಿ ಮುದ್ದೆಯನ್ನು ಕೊಂಡು ಕಿವುಚುವ ಕಷ್ಟ ನಿಮಗೆ ಬೇಡ, ಬಾಟಲಿಯ ರಸ ಸಾಕು. ಆದರೆ ಕಪ್ಪಗೆ ಕಾಕಂಬಿಯಂತಿರುವ ರಸ ಬಹಳ ತೀಕ್ಷ್ಣ, ಕಂದು ಬಣ್ಣದ ತೆಳ್ಳನೆಯದು ಸೌಮ್ಯ. ಹೊಸ ಬಾಟಲಿ ತಂದಾಗಲೆಲ್ಲ ಅರ್ಧ ಚಮಚದಿಂದ ಆರಂಭಿಸಿ ರುಚಿ ನೋಡುತ್ತ ಹೋಗಿ.

ಇನ್ನು ಬೇಳೆ-ಕಾಳು. ಕಡಲೆಕಾಳು, ರಾಜ್ಮಾ, ಅಲಸಂದೆ ಇವು ಬೆಂದ ಸ್ಥಿತಿಯಲ್ಲಿ 400 ಗ್ರಾಂ ಡಬ್ಬಿಗಳಲ್ಲಿ ಎಲ್ಲ ಕಡೆಯೂ ಸಿಗುತ್ತವೆ. ನೀರು ಬಸಿದರೆ ಸುಮಾರು 240 ಗ್ರಾಂ ಕಾಳು ಉಳಿದು, ಇಬ್ಬರ ಉಸಲಿಗೆ ಸಾಲುತ್ತದೆ. ಉಪ್ಪಿಲ್ಲದೆ ನೀರಿನಲ್ಲಿ ಮಾತ್ರ ಇಟ್ಟಿರುವುದನ್ನು ನೋಡಿ ಕೊಳ್ಳಿ, ಬಳಸುವ ಮುನ್ನ ತೊಳೆಯಿರಿ. ಉಂಗುರ ಎಳೆದು ತೆಗೆಯುವ ಡಬ್ಬಿ ಸುಲಭವೆಂದು ತೋರಿದರೂ ಬೆರಳಿನ ಕೀಲಿಗೆ ಅದೇ ಹೆಚ್ಚು ಪೆಟ್ಟು ಕೊಡುತ್ತದೆ. ಬ್ಯಾಟರಿಯಿಂದ ನಡೆಯುವ ಡಬ್ಬಿ ತೆರೆಯುವ ಸಾಧನ ಅಗ್ಗವಾಗಿ ಸಿಗುತ್ತದೆ, ಅದನ್ನು ಮೊದಲ ವಾರವೇ ತರಿಸಿಕೊಳ್ಳಿ. ಇಲ್ಲಿ ಅನೇಕರು ನಿಮಗೆ ಸ್ಲೋ ಕುಕ್ಕರ್ ಕೊಳ್ಳುವಂತೆ ಹೇಳುತ್ತಾರೆ. ಒಣ ರಾಜ್ಮಾವನ್ನು ಮಾತ್ರ ಅದರಲ್ಲಿ ಎಂದಿಗೂ ಹಾಕಬೇಡಿ. ಆ ಕಾಳಿನಲ್ಲಿ ಸಹಜವಾಗಿಯೇ ಇರುವ ಲೆಕ್ಟಿನ್ ಎಂಬ ವಿಷಾಂಶ, ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಕನಿಷ್ಠ 10 ನಿಮಿಷ ಜೋರಾಗಿ ಕುದಿಸಿದಾಗಲಷ್ಟೇ ನಾಶವಾಗುತ್ತದೆ. ಸ್ಲೋ ಕುಕ್ಕರಿನ ಮಂದ ಕಾವು ಅದಕ್ಕೆ ಸಾಲದು. ಡಬ್ಬಿಯ ರಾಜ್ಮಾ ಆಗಲೇ ಬೆಂದಿರುವುದರಿಂದ ಅದಕ್ಕೆ ಈ ತೊಂದರೆಯಿಲ್ಲ.

ತೊಗರಿಬೇಳೆ ಮಾತ್ರ ಬೇಯಿಸಿ ಡಬ್ಬಿಯಲ್ಲಿಟ್ಟದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಅದಕ್ಕೆ ವಿದ್ಯುತ್ ಪ್ರೆಷರ್ ಕುಕ್ಕರ್ ಇರಲಿ. ಗ್ಯಾಸ್ಕೆಟ್ ಕೂರಿಸಿ, ಮುಚ್ಚಳ ಬಿಗಿದು, ಒಲೆಯಿಂದ ಎತ್ತಿ ಇಳಿಸುವ ನಮ್ಮ ಕುಕ್ಕರಿಗಿಂತ ಅದರ ಮುಚ್ಚಳ ತಿರುಗಿಸುವುದು ಹಗುರ, ಪಾತ್ರೆ ಇದ್ದಲ್ಲೇ ಇರುತ್ತದೆ. ರಜೆಯ ದಿನ ನಿಮ್ಮ ಯಜಮಾನರು ಜೊತೆಗಿರುವಾಗ ಹೆಚ್ಚು ಬೇಳೆ ಬೇಯಿಸಿ, ಸೌಟಿನಿಂದ ತೋಡಿ ಒಂದೊಂದು ಹೊತ್ತಿಗಾಗುವಷ್ಟನ್ನು ಚಿಕ್ಕ ಡಬ್ಬಿಗಳಿಗೆ ತುಂಬಿ ಫ್ರೀಜರಿನಲ್ಲಿಡಿ. ಬೆಂದ ಬೇಳೆ, ಫ್ರೋಜನ್ ಪಾಲಕ್, ಹುಣಿಸೆರಸ, ಊರಿನ ಹುಳಿಪುಡಿ ಇಷ್ಟಿದ್ದರೆ ಉಳಿದದ್ದು ಕುದಿಸಿ ಒಗ್ಗರಣೆ ಕೊಡುವುದು ಮಾತ್ರ. ಮೈಸೂರು ಬೇಳೆಯನ್ನು ನೆನೆಸುವುದೂ ಬೇಕಿಲ್ಲ, ತೆರೆದ ಪಾತ್ರೆಯಲ್ಲಿ ಸುಮಾರು ಇಪ್ಪತ್ತು ನಿಮಿಷದಲ್ಲಿ ಕರಗುತ್ತದೆ.

ಅತ್ತೆಯವರ ವಿಷಯಕ್ಕೆ ಬರುತ್ತೇನೆ. ಸಿದ್ಧ ಪದಾರ್ಥವೆಂಬುದು ನಮ್ಮವರಿಗೆ ಹೊಸದಲ್ಲ. ಬೇಸಿಗೆಯಲ್ಲಿ ಮಾಡಿಟ್ಟ ಹಪ್ಪಳ, ಸಂಡಿಗೆ, ಡಬ್ಬಿ ತುಂಬಿಟ್ಟ ಸಾರಿನ ಪುಡಿ, ಮೆಂತ್ಯದ ಹಿಟ್ಟು, ಪುಳಿಯೋಗರೆ ಗೊಜ್ಜು, ಬಿಜಾಪುರ, ಧಾರವಾಡ ಕಡೆಯ ತಿಂಗಳುಗಟ್ಟಲೆ ಇರುವ ಖಡಕ್ ರೊಟ್ಟಿ, ಶೇಂಗಾ ಮತ್ತು ಗುರೆಳ್ಳು ಚಟ್ನಿಪುಡಿ, ಇವೆಲ್ಲ ಕೈಲಾಗದ ದಿನಕ್ಕೆಂದು ಮೊದಲೇ ಮಾಡಿಟ್ಟುಕೊಳ್ಳುತ್ತಿದ್ದವು. ಇಲ್ಲಿನ ಭಾರತೀಯ ಅಂಗಡಿಗಳಲ್ಲಿ ರವೆ ಇಡ್ಲಿ ಮಿಶ್ರಣ ತಂದಿರುವ ಎಂಟಿಆರ್‌ನ ಮೂಲ, 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ಅಕ್ಕಿಯ ಬದಲು ರವೆಯಲ್ಲಿ ಇಡ್ಲಿ ಮಾಡಿ ನೋಡಿದವರು ತಾವೆಂದು ಆ ಮನೆಯವರು ಹೇಳುತ್ತಾರೆ. ಅಂಥ ಇಡ್ಲಿಗೆ ಮೊಸರು, ನೀರು ಕಲಸಿದರೆ ಸಾಕು, ರುಬ್ಬುವುದಿಲ್ಲ, ನಾದುವುದಿಲ್ಲ. ಅತ್ತೆಯವರು ಬರುವಾಗ ಮನೆಯ ಪುಡಿಗಳನ್ನೂ ಖಡಕ್ ರೊಟ್ಟಿಯನ್ನೂ ತರಲು ಹೇಳಿ. ನಿಮ್ಮ ಅಡುಗೆಮನೆಯಲ್ಲಿ ಅವರ ಕೈರುಚಿಯೂ ಸೇರಿದಂತಾಗುತ್ತದೆ. ತುಪ್ಪ, ಪೇಡೆ, ಖೋವಾದ ಸಿಹಿಗಳು ಮಾತ್ರ ಬೇಡ. ಭಾರತದಿಂದ ಪ್ರಯಾಣಿಕರು ಹಾಲಿನ ಪದಾರ್ಥಗಳನ್ನೂ ಮಾಂಸವನ್ನೂ ತರುವಂತಿಲ್ಲ, ವಿಮಾನ ನಿಲ್ದಾಣದಲ್ಲಿ ತೆಗೆದುಕೊಂಡುಬಿಡುತ್ತಾರೆ.

ದೋಸೆ ಹಿಟ್ಟು ಡಬ್ಬಗಳಲ್ಲಿ ಸಿಗುತ್ತದೆ. ಚಪಾತಿ ಬೆಂದದ್ದೂ ಸಿಗುತ್ತದೆ, ಫ್ರೋಜನ್ ಕೂಡ ಸಿಗುತ್ತದೆ. ಫ್ರೋಜನ್ ಪರೋಟ ರುಚಿಯೇನೋ ಹೌದು, ಆದರೆ ಕೊಬ್ಬು ಬಹಳ, ದಿನವೂ ಬೇಡ.

ಪೂರ್ತಿ ಸಿದ್ಧವಾದ ಊಟದ ಪೊಟ್ಟಣಗಳನ್ನು ಮೈ ತೀರಾ ಏಳದ ದಿನಕ್ಕೆಂದು ಎರಡು ಮೂರು ಇಟ್ಟುಕೊಳ್ಳಿ. ಅವುಗಳ ಮೇಲೆ ಮೊದಲು ಉಪ್ಪಿನ ಅಂಕಿಯನ್ನು ನೋಡಿ. ವಯಸ್ಕರಿಗೆ ದಿನಕ್ಕೆ 6 ಗ್ರಾಂಗಿಂತ ಹೆಚ್ಚು ಉಪ್ಪು ಬೇಡವೆಂಬುದು ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಸಲಹೆ. 100 ಗ್ರಾಂ ಪದಾರ್ಥದಲ್ಲಿ 1.5 ಗ್ರಾಂಗಿಂತ ಹೆಚ್ಚು ಉಪ್ಪಿದ್ದರೆ ಇಲ್ಲಿನ ಲೇಬಲ್ ಅದನ್ನು ಕೆಂಪು ಬಣ್ಣದಲ್ಲಿ ತೋರಿಸುತ್ತದೆ. ಭಾರತದಿಂದ ಬಂದ ಪೊಟ್ಟಣಗಳಲ್ಲಿ ಹೆಚ್ಚಾಗಿ ಸೋಡಿಯಂ ಎಂದಿರುತ್ತದೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ, ಅಂದರೆ 600 ಮಿಲಿಗ್ರಾಂ ಸೋಡಿಯಂ ಎಂದರೆ 1.5 ಗ್ರಾಂ ಉಪ್ಪು. ನೀವು ಸಸ್ಯಾಹಾರಿಗಳಾದರೆ ಥಾಯ್ ಕರಿ ಪೇಸ್ಟಿನಲ್ಲಿ ಸೀಗಡಿಯೂ, ಕೆಲವು ನಾನ್‌ಗಳಲ್ಲಿ ಮೊಟ್ಟೆಯೂ ಇರಬಹುದೆಂಬುದು ನೆನಪಿರಲಿ. ಅತ್ತೆಯವರು ಈರುಳ್ಳಿ, ಬೆಳ್ಳುಳ್ಳಿ ಬಿಡುವ ದಿನಗಳಲ್ಲಿ ಸಿದ್ಧ ಗ್ರೇವಿಗಳು ಉಪಯೋಗಕ್ಕೆ ಬರುವುದಿಲ್ಲ, ಬಹುತೇಕ ಎಲ್ಲದರಲ್ಲಿಯೂ ಅವೆರಡಿರುತ್ತವೆ.

ಅನ್ನದ ಬಗ್ಗೆ ಎರಡು ಮಾತು. ಶ್ರಮ ಉಳಿಸಲೆಂದು ಒಮ್ಮೆಗೇ ಹೆಚ್ಚು ಅನ್ನ ಮಾಡಿಡುವುದಾದರೆ, ಅದನ್ನು ಒಲೆಯ ಪಕ್ಕ ಬಿಡದೆ ಒಂದು ಗಂಟೆಯೊಳಗೆ ಆರಿಸಿ ಫ್ರಿಜ್ಜಿನಲ್ಲಿಟ್ಟು, ಒಂದು ದಿನದೊಳಗೆ ಮುಗಿಸಿ, ಮತ್ತೆ ಬಿಸಿ ಮಾಡುವುದು ಒಂದೇ ಸಲ ಇರಲಿ. ಅಕ್ಕಿಯಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಾಣುಗಳು ಬೆಂದರೂ ಉಳಿದುಕೊಂಡು, ಬೆಚ್ಚಗಿರುವ ಅನ್ನದಲ್ಲಿ ಬೆಳೆದು ವಿಷ ಉಂಟುಮಾಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹತ್ತು ಕಿಲೋ ಅಕ್ಕಿಯ ಮೂಟೆ ಅಗ್ಗವೆಂದು ತರಬೇಡಿ, ಎತ್ತಲು ಆಗುವ ಎರಡು ಕಿಲೋ ಚೀಲವೇ ನಿಮಗೆ ಸರಿ. ಸಾಮಾನನ್ನು ಮನೆ ಬಾಗಿಲಿಗೇ ತರಿಸಿಕೊಳ್ಳಿ.

ನನ್ನ ಯಜಮಾನರು ಪಾರ್ಶ್ವವಾಯುವಿನ ನಂತರ ಒಂದೇ ಕೈಯಿಂದ ಅಡುಗೆ ಮಾಡುತ್ತಾರೆ. ಅವರಿಗೆ ದಾರಿ ತೋರಿದವರು ಆಸ್ಪತ್ರೆಯ ಆಕ್ಯುಪೇಶನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸಗಳನ್ನು ಸುಲಭವಾಗಿ ಮಾಡಿಕೊಳ್ಳುವ ಬಗೆಯನ್ನು ಕಲಿಸುವ ಚಿಕಿತ್ಸಕರು. ತರಕಾರಿಯನ್ನು ಅಲುಗದಂತೆ ಹಿಡಿಯುವ ಮೊಳೆಗಳಿರುವ ಹಲಗೆ, ಪಾತ್ರೆ ಜಾರದ ಚಾಪೆ, ಎತ್ತದೆಯೇ ಓರೆ ಮಾಡಿ ನೀರು ಬಗ್ಗಿಸುವ ಕೆಟಲ್ ಸ್ಟ್ಯಾಂಡ್, ಒಲೆಯ ಮುಂದೆ ಅರೆಕೂತು ಕೆಲಸ ಮಾಡುವ ಎತ್ತರದ ಸ್ಟೂಲು, ಇವೆಲ್ಲ ಇವೆಯೆಂಬುದೇ ನಮಗೆ ತಿಳಿದಿರಲಿಲ್ಲ. ನೀವು ವೀಸಾಕ್ಕೆ ಆರೋಗ್ಯದ ಸರ್‌ಚಾರ್ಜ್ ಕಟ್ಟಿ ಬಂದಿದ್ದರೆ ನಿಮ್ಮ ಜಿಪಿಯ, ಅಂದರೆ ನೀವು ಹೆಸರು ನೋಂದಾಯಿಸಿರುವ ಸ್ಥಳೀಯ ವೈದ್ಯರ, ಮೂಲಕ ಈ ಸೇವೆಯನ್ನು ಕೇಳಬಹುದು. ಅದಲ್ಲದೆ, 2014ರ ಕೇರ್ ಆಕ್ಟ್ ಪ್ರಕಾರ ಇಂಗ್ಲೆಂಡಿನ ಸ್ಥಳೀಯ ಕೌನ್ಸಿಲ್ ನಿಮ್ಮ ಅಗತ್ಯಗಳ ಪರಿಶೀಲನೆಯನ್ನು ಶುಲ್ಕವಿಲ್ಲದೆ ಮಾಡುತ್ತದೆ. ನೀವು ಅರ್ಹರೆಂದು ಕಂಡುಬಂದರೆ ತಲಾ 1,000 ಪೌಂಡ್‌ವರೆಗಿನ ಸಲಕರಣೆಗಳಿಗೆ ಹಣ ಕೇಳುವುದಿಲ್ಲ. ಜಿಪಿಯ ಬಳಿ ಹೋದಾಗ ಕೈ ನೋಯುತ್ತದೆ ಎಂದಷ್ಟೇ ಹೇಳಿ ಬರಬೇಡಿ. ಡಬ್ಬಿ ತೆರೆಯಲಾಗುವುದಿಲ್ಲ, ಕುದಿಯುವ ಪಾತ್ರೆಯನ್ನು ಎತ್ತಲಾಗುವುದಿಲ್ಲ, ಚಾಕು ಕೈಯಿಂದ ಜಾರುತ್ತದೆ ಎಂದು ಒಂದೊಂದನ್ನೂ ಬರೆದುಕೊಂಡು ಹೋಗಿ, ಓದಿ ಹೇಳಿ, ಆಕ್ಯುಪೇಶನಲ್ ಥೆರಪಿಗೆ ಕಳುಹಿಸಬೇಕೆಂದು ಸ್ಪಷ್ಟವಾಗಿ ಕೇಳಿ. ಕಾಯುವ ಅವಧಿ ಕೆಲವೊಮ್ಮೆ ಉದ್ದವಾಗಿರುವುದರಿಂದ, ಅತ್ತೆಯವರು ಬರುವುದನ್ನು ಕಾಯದೆ ಈ ವಾರವೇ ಹೆಸರು ಕೊಡಿ.